ಬಿಳಿ ಮೂಳೆಯ ನಲವತ್ತು ಜೋಡಿ

“ನೀರು ನಿಂತರೆ ಗರಗಸ ನಿಲ್ಲಿಸಬೇಕು. ಇಷ್ಟೇ ರೂಲು. ಇಷ್ಟು ತಿಳಿಯದವರು ಈ ರೂಮಿಗೆ ಕಾಲಿಡಬಾರದು,” ಅಂದಳು ಮೂಳೆಯಕ್ಕ, ನನ್ನ ಕಡೆ ತಿರುಗಿಯೂ ನೋಡದೆ.

ದನದ ಮಂಡಿಯ ಮೂಳೆಯೊಂದು ಅವಳ ಮುಂದೆ ಇಕ್ಕಳದಲ್ಲಿ ಸಿಕ್ಕಿಕೊಂಡು ಕೂತಿತ್ತು. ಕಾಗದದಷ್ಟು ತೆಳ್ಳಗಿನ ಗರಗಸದ ಚಕ್ರ ಅದರೊಳಗೆ ನಿಧಾನವಾಗಿ ಇಳಿಯುತ್ತಿತ್ತು. ಮೇಲಿನ ಕೊಳವೆಯಿಂದ ಉಪ್ಪುನೀರು ತೊಟ್ಟಿಕ್ಕುತ್ತಿತ್ತು. ಚೂರು ಕಳಚಿ ಬಿದ್ದ ಕೂಡಲೇ ಅವಳು ಅದನ್ನು ಚಿಮುಟದಲ್ಲಿ ಎತ್ತಿ, ಒದ್ದೆ ಬಟ್ಟೆಯಲ್ಲಿ ಸುತ್ತಿ, ಡಬ್ಬಿಗೆ ಹಾಕಿ ಮುಚ್ಚಳ ಒತ್ತಿದಳು. ಕೂಸಿಗೆ ಗಾಳಿ ತಾಕದ ಹಾಗೆ ಹೊದೆಸುವವರನ್ನು ನೋಡಿದ್ದೇನೆ, ಇಷ್ಟು ಮುತುವರ್ಜಿ ಅವರಲ್ಲೂ ಕಂಡಿಲ್ಲ.

ಗೋಡೆ ಗಡಿಯಾರದಲ್ಲಿ ಒಂಬತ್ತಕ್ಕೆ ಹತ್ತು ನಿಮಿಷ. ಹನ್ನೊಂದಕ್ಕೆ ಊರಿನ ಆ ತುದಿಯ ಆಸ್ಪತ್ರೆಯಲ್ಲಿ ನನ್ನ ಹೆಂಡತಿಯ ಮಂಡಿ ತೆರೆಯುತ್ತಾರೆ. ಮೆಟ್ಟಿಲ ಮೇಲೆ ಜಾರಿದಾಗ ಒಡೆದು ಬಂದ ಚೂರನ್ನು ಇದೇ ಪ್ರಯೋಗಾಲಯದಲ್ಲಿ ನನ್ನ ಷಡ್ಡಕ ಮಾಡಿದ ಹೊಸ ಅಂಟಿನಿಂದ ಮತ್ತೆ ಕೂರಿಸುತ್ತಾರೆ. ಮನುಷ್ಯರ ಮೈಯೊಳಗೆ ಆ ಅಂಟು ಹೋಗುವುದು ಇದೇ ಮೊದಲು. ನಿನ್ನೆ ಸಂಜೆ ನನ್ನ ಆಫೀಸಿನ ಬಾಗಿಲಡಿಯಿಂದ ಒಂದು ಕಾಗದ ತೂರಿ ಬಂದಿತ್ತು. “ಎರಡನೇ ಸಾಲಿನ ಚೂರುಗಳನ್ನು ನೋಡಿ. ಆಪರೇಷನ್ನಿಗೆ ಮೊದಲು.” ಟೈಪ್ ಮಾಡಿದ್ದು, ಸಹಿ ಇಲ್ಲ.

ನಿಜ ಹೇಳಿಬಿಡುತ್ತೇನೆ. ಆ ಕಾಗದ ಓದಿದಾಗ ನನಗೆ ಮೊದಲು ಆದದ್ದು ಗಾಬರಿಯಲ್ಲ, ಖುಷಿ.

ಹನ್ನೊಂದು ವರ್ಷದಿಂದ ನನ್ನ ಮನೆಯಲ್ಲಿ ನನ್ನ ಷಡ್ಡಕನ ಭಜನೆ ನಡೆಯುತ್ತಿದೆ. ಹೆಂಡತಿಯ ತಂಗಿಯ ಗಂಡ, ನನಗಿಂತ ಆರು ವರ್ಷಕ್ಕೆ ಚಿಕ್ಕವನು, ವಿಜ್ಞಾನಿ. ನಾನು ಅವನಿಗೆ ಇಟ್ಟ ಹೆಸರು ಗೋಂದುರಾಯ. ನಮ್ಮತ್ತೆಯ ಬಾಯಲ್ಲಿ ಅವನು “ನಮ್ಮ ಚಿಕ್ಕ ಅಳಿಯಂದಿರು”. ನನ್ನ ಪತ್ತೇದಾರಿ ಕಸುಬಿಗೆ ಅದೇ ಬಾಯಲ್ಲಿ “ಅವರಿವರ ಮನೆ ಕಿಟಕಿ ಇಣುಕೋ ಕೆಲಸ” ಅಂತ ಹೆಸರು. ಅವನು ಮನೆಗೆ ಬಂದರೆ ನನ್ನ ಕುರ್ಚಿ ಅವನಿಗೆ ಹೋಗುತ್ತದೆ. ನನ್ನ ಹೆಂಡತಿ, ನನ್ನ ಜೋಕಿಗೆ ಒಂದು ದಿನವೂ ನಗದವಳು, ಅವನು ಕೆಮ್ಮಿದರೂ ನಗುತ್ತಾಳೆ. ಹೊಟ್ಟೆಕಿಚ್ಚು ಅನ್ನಿ, ಏನಾದರೂ ಅನ್ನಿ, ನನಗೆ ಅದು ಈಗ ಹಲ್ಲುನೋವಿನ ಹಾಗೆ ಅಭ್ಯಾಸವಾಗಿಬಿಟ್ಟಿದೆ.

“ಒಂದು ಚೂರು ಒಣಗಿದರೆ ಅಂಥದ್ದೇನಾಗುತ್ತೆ ಅಕ್ಕ?” ಅಂದೆ.

ಅವಳು ಗರಗಸ ಆರಿಸಿದಳು. ಐವತ್ತು ದಾಟಿದ ಹೆಂಗಸು, ಬೆರಳ ತುದಿಗಳು ಸದಾ ನೀರಲ್ಲಿದ್ದು ಸುಕ್ಕುಗಟ್ಟಿದ್ದವು. ಈ ಪ್ರಯೋಗಾಲಯದಲ್ಲಿ ಯಾರು ಯಾವ ಅಂಟು ಕಂಡುಹಿಡಿಯಲಿ, ಅದನ್ನು ಪರೀಕ್ಷಿಸಲು ಮೂಳೆ ಸಿದ್ಧಮಾಡಿ ಕೊಡುವವಳು ಅವಳೊಬ್ಬಳೇ.

“ಒಣಗಿದ ಮೂಳೆಗೆ ಯಾವ ಅಂಟಾದ್ರೂ ಅಂಟುತ್ತೆ. ಮಕ್ಕಳು ಕಾಗದ ಅಂಟಿಸೋ ಗೋಂದು ಹಚ್ಚಿದ್ರೂ ಕಚ್ಚಿಕೊಳ್ಳುತ್ತೆ. ನಮ್ಮ ಮಂಡಿ ಒಳಗೆ ಎಲ್ಲಿ ಒಣಗಿರುತ್ತೆ ಹೇಳಿ? ನೀರು, ರಕ್ತ, ಜಿಡ್ಡು. ಆ ಒದ್ದೆಯಲ್ಲಿ ಹಿಡಿದ್ರೆ ತಾನೇ ಅದು ಅಂಟು?”

“ಅದಕ್ಕೇ ಇಷ್ಟು ನೀರಾ?”

“ಬೆಳಿಗ್ಗೆ ಕಟುಕನ ಅಂಗಡಿಯಿಂದ ಬಂದ ಗಳಿಗೆಯಿಂದ ನೀರು. ಕತ್ತರಿಸೋವಾಗ ನೀರು, ಮರಳುಕಾಗದದಲ್ಲಿ ಉಜ್ಜೋವಾಗ ನೀರು, ಡಬ್ಬಿಯಲ್ಲಿ ನೀರು. ಅಂಟು ಹಚ್ಚೋ ಮುಂಚೆ ಮೈ ಬಿಸಿಗೆ ತಂದು, ಹೀರುಕಾಗದ ಮುಟ್ಟಿಸಿ ಹತ್ತು ಎಣಿಸಬೇಕು. ಹನ್ನೊಂದು ಎಣಿಸೋ ಹಾಗಿಲ್ಲ. ಇಪ್ಪತ್ತೆರಡು ವರ್ಷ ಆಯ್ತು, ನನ್ನ ಕೈಲಿ ಒಂದು ಚೂರು ಒಣಗಿಲ್ಲ.”

“ಎರಡನೇ ಸಾಲಿನವು?”

ಅವಳು ಡಬ್ಬಿಯ ಮುಚ್ಚಳ ಮತ್ತೆ ಒತ್ತಿದಳು. “ಅದರ ಸುದ್ದಿ ಈಗ ಯಾಕೆ?”

ನಾನು ಕಾಗದ ತೋರಿಸಿದೆ. ಓದಿದಳು, ಮತ್ತೆ ಓದಿದಳು. ಬರೆದದ್ದು ತಾನಲ್ಲ ಅಂದಳು. ನಂಬಿದೆ. ಮೂಳೆಯಕ್ಕನಿಗೆ ಹೇಳುವುದಿದ್ದರೆ ಮುಖಕ್ಕೆ ಹೊಡೆದ ಹಾಗೆ ಹೇಳುತ್ತಾಳೆ, ಬಾಗಿಲಡಿ ತೂರಿಸುವ ಪೈಕಿ ಅಲ್ಲ.

ವಿಷಯ ಇಷ್ಟು. ಗೋಂದುರಾಯನ ಅಂಟನ್ನು ಎರಡು ಸಲ ಪರೀಕ್ಷೆ ಮಾಡಿದ್ದರು, ಸಲಕ್ಕೆ ನಲವತ್ತು ಜೋಡಿಯ ಒಂದು ಸಾಲು. ಒಂದು ಚೂರು ಮೂಳೆ, ಅದಕ್ಕೆ ಅಂಟಿಸಲು ಇನ್ನೊಂದು ಚೂರು, ಮೂಳೆಯ ಮೇಲೆ ಮೃದ್ವಸ್ಥಿ ಇರುವಂಥದ್ದು. ಪಠ್ಯಪುಸ್ತಕದವರು ಹಾಗೆ ಕರೆಯುತ್ತಾರೆ, ನಾವು ಮೆದುಮೂಳೆ ಅನ್ನೋಣ, ನಾಲಿಗೆ ಉಳಿಯುತ್ತದೆ. ಅಂಟಿಸಿದ ಜೋಡಿಯನ್ನು ಯಂತ್ರ ಎರಡೂ ಕಡೆಯಿಂದ ಎಳೆಯುತ್ತದೆ, ಕಿತ್ತು ಬಂದಾಗಿನ ಭಾರ ಬರೆದುಕೊಳ್ಳುತ್ತದೆ. ಮೊದಲ ಸಾಲು ಸರಾಸರಿ ನಾಲ್ಕು ಕಿಲೋಗೆ ಕಿತ್ತು ಬಂತು. ಗೋಂದುರಾಯ ಅಂಟಿನ ಪಾಕ ಕೊಂಚ ಬದಲಿಸಿದ. ಎರಡನೇ ಸಾಲು ಮೂವತ್ತು ಕಿಲೋ ತಡೆಯಿತು. ಆಮೇಲೆ ಹಾರ, ಚಪ್ಪಾಳೆ, ಫೋಟೋ, ನಮ್ಮತ್ತೆಯ ಕಣ್ಣೀರು.

“ಮುರಿದ ಚೂರುಗಳನ್ನು ಎರಡು ವರ್ಷ ಇಟ್ಟುಕೊಂಡಿರಬೇಕಲ್ಲ?”

“ಇದೆ,” ಅಂದಳು. ಅಲ್ಲಿಂದ ಕದಲಲಿಲ್ಲ.

“ನೀವು ಒಮ್ಮೆಯೂ ನೋಡಿಲ್ವಾ?”

“ಇಲ್ಲ.”

ಅದು ನನಗೆ ವಿಚಿತ್ರ ಅನ್ನಿಸಿತು. ತಾನು ಕೊಯ್ದ ಮೂಳೆ ಎಲ್ಲಿ ಮುರಿಯಿತು ಅಂತ ಇವಳು ನೋಡದೆ ಇರುತ್ತಾಳೆಯೇ?

ಫ್ರೀಜರ್ ತೆಗೆದು ಎರಡು ಚೀಲ ತಂದು ಬಿಳಿ ತಟ್ಟೆಯ ಮೇಲೆ ಸುರಿದಳು. ನನಗೆ ಮೂಳೆಯ ವಿದ್ಯೆ ಬರುವುದಿಲ್ಲ, ಕಣ್ಣು ಮಾತ್ರ ಇದೆ. ಮೊದಲ ಸಾಲಿನವು ಹಳದಿ, ಅಲ್ಲಲ್ಲಿ ಕೆಂಪು ಚುಕ್ಕೆ, ಮುಟ್ಟಿದರೆ ಬೆರಳಿಗೆ ಜಿಡ್ಡು. ಎರಡನೇ ಸಾಲಿನವು ಸೀಮೆಸುಣ್ಣದಷ್ಟು ಬಿಳಿ. ಉಗುರಿನಲ್ಲಿ ಗೀರಿದೆ, ಪುಡಿ ಉದುರಿತು. ಮೆದುಮೂಳೆಯ ಅಂಚುಗಳು ಮೇಲಕ್ಕೆ ಸುರುಟಿಕೊಂಡಿದ್ದವು.

ಮೂಳೆಯಕ್ಕ ಒಂದನ್ನು ಮೂಗಿನ ಹತ್ತಿರ ಹಿಡಿದಳು. ಕೆಳಗಿಟ್ಟಳು. ಸ್ಟೂಲು ಎಳೆದುಕೊಂಡು ಕೂತಳು.

“ಕೊಬ್ಬು ತೆಗೆದಿದ್ದಾರೆ,” ಅಂದಳು. “ಉಗುರಿನ ಬಣ್ಣ ಅಳಿಸೋ ದ್ರಾವಣ ಇರುತ್ತಲ್ಲ, ಅಂಥದ್ದರಲ್ಲಿ ತೊಳೆದಿದ್ದಾರೆ. ಒಣಗಿಸಿ, ಆಮೇಲೆ ಉಪ್ಪುನೀರಿಗೆ ಹಾಕಿದ್ದಾರೆ. ಹೀಗೆ ಮಾಡಿದ ಮೇಲೆ ನೀರಿಗೆ ಹಾಕಿದ್ರೂ ಒಂದೇ, ಬಿಟ್ರೂ ಒಂದೇ. ಅಯ್ಯೋ, ಇದಕ್ಕೆ ಮೂವತ್ತಲ್ಲ, ಐವತ್ತು ಕಿಲೋ ತಡೆದಿದ್ರೂ ಆಶ್ಚರ್ಯ ಇಲ್ಲ.”

“ಹಾಗಾದರೆ ಅಂಟು?”

“ಅಂಟು ಮೊದಲಿದ್ದ ಹಾಗೇ ಇದೆ ಅಂತ ಕಾಣುತ್ತೆ.”

ನನ್ನ ಹೆಂಡತಿ ಶಾಲೆಯಲ್ಲಿ ಆಟದ ಟೀಚರ್. ಸರ್ಜನ್ ಅವಳಿಗೆ ಬಿಡಿಸಿ ಹೇಳಿದ್ದರು. ಹಳೇ ಪದ್ಧತಿಯಲ್ಲಿ ಪಿನ್ ಹಾಕಿದರೆ ನಡೆಯಬಹುದು, ಓಡುವ ಆಸೆ ಬಿಡಬೇಕು. ಅಂಟು ಹಿಡಿದರೆ ಓಡಬಹುದು. ಅಂಟು ಬಿಟ್ಟರೆ ಆ ಚೂರು ಮಂಡಿಯೊಳಗೆ ತಿರುಗಾಡಿ ಉಳಿದದ್ದನ್ನೂ ಅರೆದುಹಾಕುತ್ತದೆ, ಆಮೇಲೆ ಊರುಗೋಲೇ ಗತಿ. ಅವಳು ಯೋಚಿಸಲು ಒಂದು ದಿನ ಕೂಡ ತೆಗೆದುಕೊಳ್ಳಲಿಲ್ಲ. “ಅವರು ಮಾಡಿದ ಅಂಟು ತಾನೇ,” ಅಂದಳು.

“ಪುಸ್ತಕ ಕೊಡಿ,” ಅಂದೆ.

ಯಾವ ಚೂರನ್ನು ಯಾರು, ಯಾವತ್ತು, ಹೇಗೆ ಸಿದ್ಧಮಾಡಿದರು ಅಂತ ಬರೆದಿಡುವ ದಪ್ಪ ಪುಸ್ತಕ. ಎರಡನೇ ಸಾಲಿನ ಹಾಳೆ ತೆಗೆದೆ. ನಲವತ್ತು ಜೋಡಿ, ಏಳು ದಿನ, ಮುದ್ದಾದ ಅಕ್ಷರ, ಕೊನೆಯಲ್ಲಿ ಮೂಳೆಯಕ್ಕನ ಸಹಿ. ಹಿಂದಿನ ಹಾಳೆ ನೋಡಿದೆ. ಮುಂದಿನದ್ದು ನೋಡಿದೆ. ಇಪ್ಪತ್ತು ಹಾಳೆ ಹಿಂದಕ್ಕೆ ಮಗುಚಿದೆ. ಎಲ್ಲದರ ಮೇಲೂ ನೀರಿನ ಕಲೆ, ಉಬ್ಬಿದ ಮೂಲೆ, ಹರಡಿದ ಶಾಯಿ. ಈ ರೂಮಿನಲ್ಲಿ ಕೂತು ಬರೆದರೆ ಇನ್ನು ಹೇಗಿರುತ್ತದೆ? ಆ ಒಂದು ಹಾಳೆ ಮಾತ್ರ ಮದುವೆ ಕರೆಯೋಲೆಯಷ್ಟು ಗರಿಗರಿ.

“ಇದನ್ನ ಇಲ್ಲಿ ಬರೆದಿಲ್ಲ ಅಕ್ಕ. ಮನೇಲಿ ಮೇಜಿನ ಮುಂದೆ ಕೂತು, ಒಂದೇ ಸಲಕ್ಕೆ ಬರೆದದ್ದು. ಹಳೇ ಹಾಳೆ ಕಿತ್ತು ಇದನ್ನ ಅಂಟಿಸಿದ್ದೀರಿ.”

ಅವಳು ಸುಕ್ಕುಗಟ್ಟಿದ ಬೆರಳನ್ನು ಸೀರೆಯ ಸೆರಗಿಗೆ ಒರೆಸಿದಳು, ಮತ್ತೆ ಒರೆಸಿದಳು.

“ಆ ವಾರ ನಾನು ರಜೆ,” ಅಂದಳು ಕೊನೆಗೆ. “ಅಮ್ಮನ ಕಣ್ಣಿನ ಪೊರೆ ತೆಗೆಸೋದಿತ್ತು. ನನ್ನ ಬದಲಿಗೆ ಒಬ್ಬರು ಬಂದು ಮಾಡಿಕೊಟ್ಟರು. ಹಳೇ ಹಾಳೆಯಲ್ಲಿ ಬರೆದದ್ದು ಅವರು, ಸಹಿ ಅವರದು. ನಾನು ವಾಪಸ್ ಬರೋ ಹೊತ್ತಿಗೆ ಚೂರಿಗೆಲ್ಲ ಅಂಟು ಹಚ್ಚಿ ಪೆಟ್ಟಿಗೆಯಲ್ಲಿಟ್ಟಾಗಿತ್ತು.”

“ಮತ್ತೆ ಹಾಳೆ ಯಾಕೆ ಕಿತ್ತಿರಿ?”

“ನಮ್ಮ ಡೈರೆಕ್ಟರ್ ಅಮ್ಮ ಇದ್ದಾರಲ್ಲ, ಇಪ್ಪತ್ತೆರಡು ವರ್ಷದಲ್ಲಿ ಈ ರೂಮಿನ ಬಾಗಿಲು ದಾಟಿದವರಲ್ಲ. ಕೈ ಕೆಸರು ನಂದು, ಬಾಯಿ ಮೊಸರು ಇನ್ಯಾರದೋ, ಯಾವಾಗಲೂ. ಅವತ್ತು ನಾನು ರಜೆಯಿಂದ ಬರ್ತಿದ್ದ ಹಾಗೇ ಎಲ್ಲರ ಎದುರು ನನ್ನ ಕೈ ಹಿಡಿದುಕೊಂಡರು. ‘ಏನು ಚೆಂದ ಮಾಡಿದ್ದೀರಿ ಈ ಸಲ, ಎಷ್ಟು ಸ್ವಚ್ಛ, ಎಷ್ಟು ಬೆಳ್ಳಗೆ’ ಅಂದರು. ನಾನಲ್ಲ ಅನ್ನೋಕೆ ನನಗೆ ಬಾಯಿ ಬರಲಿಲ್ಲ. ರಾತ್ರಿಯೆಲ್ಲ ಉರಿದುಕೊಂಡೆ. ಒಂದು ವಾರಕ್ಕೆ ಬಂದವರು ನನಗಿಂತ ಚೆನ್ನಾಗಿ ಮಾಡಿಬಿಟ್ಟರಾ ಅಂತ. ಅದಕ್ಕೇ ಹಾಳೆ ಕಿತ್ತೆ. ಅದಕ್ಕೇ ಚೂರುಗಳನ್ನ ನೋಡಲಿಲ್ಲ. ನೋಡಿದರೆ ಚೆನ್ನಾಗಿದೆ ಅಂತ ಒಪ್ಪಿಕೊಳ್ಳಬೇಕಾಗುತ್ತಲ್ಲ.”

ಬೆಳ್ಳಗೆ ಅನ್ನುವ ಮಾತು ಕೇಳಿಯೂ ಅವಳಿಗೆ ಹೊಳೆಯಲಿಲ್ಲ. ಹೊಟ್ಟೆ ಉರಿಯುವಾಗ ಕಿವಿ ಕೇಳಿಸುವುದಿಲ್ಲ. ನನಗೆ ಇದು ಯಾರೂ ಹೇಳಿಕೊಡಬೇಕಾದ ಪಾಠ ಅಲ್ಲ.

“ಬಂದವರು ಯಾರು?”

“ಹೆಸರು ಕೇಳಬೇಡಿ. ಹೇಳಲ್ಲ ಅಂತ ಮಾತು ಕೊಟ್ಟಿದ್ದೀನಿ.”

ಕೇಳುವ ಅಗತ್ಯವೂ ನನಗೆ ಕಾಣಲಿಲ್ಲ. ಫಲಿತಾಂಶ ಬೇಕಿದ್ದವನು ಯಾರು? ಹಾರ ಹಾಕಿಸಿಕೊಂಡವನು ಯಾರು? ಅವನೇ ಕೂತು ತೊಳೆದು ಒಣಗಿಸಿದ್ದಾನೆ. ಮೂಳೆಯ ಎರಡು ಚೀಲ, ಪುಸ್ತಕ, ಎಲ್ಲ ಬಗಲಿಗೆ ಹಾಕಿಕೊಂಡು ಕಾರಿಡಾರಿನಲ್ಲಿ ನಡೆದೆ. ಹೆಂಡತಿಗೆ ಆಗಬಹುದಾದ ಅನಾಹುತ ತಲೆಯಲ್ಲಿತ್ತು, ಇಲ್ಲ ಅನ್ನುವುದಿಲ್ಲ. ಅದರ ಮುಂದೆಯೇ ಗೋಂದುರಾಯನ ಮುಖ ಬಿಳುಚಿಕೊಳ್ಳುವ ಚಿತ್ರವೂ ಇತ್ತು.

ಅವನು ಎಳೆಯುವ ಯಂತ್ರದ ರೂಮಿನಲ್ಲಿದ್ದ. ಆಸ್ಪತ್ರೆಗೆ ಹೊರಡಲು ಸಿದ್ಧನಾಗಿ ಹೊಸ ಶರ್ಟು ಹಾಕಿದ್ದ. ಆ ಶರ್ಟು ಅವನಿಗೆ ಒಪ್ಪಿತ್ತು, ಅದೂ ನನಗೆ ಸೇರಲಿಲ್ಲ.

“ಬನ್ನಿ ಅಣ್ಣ. ನೀವು ಅತ್ತಿಗೆ ಹತ್ತಿರ ಇರ್ತೀರಿ ಅಂದುಕೊಂಡಿದ್ದೆ.”

ಅಣ್ಣನಂತೆ ಅಣ್ಣ. ಚೀಲಗಳನ್ನು ಅವನ ಮೇಜಿನ ಮೇಲೆ ಸುರಿದೆ. “ಇವು ಮೊದಲ ಸಾಲು. ಇವು ಎರಡನೆಯವು. ವ್ಯತ್ಯಾಸ ಕಾಣುತ್ತಾ, ಇಲ್ಲ ಕನ್ನಡಕ ಬೇಕಾ?”

ನೋಡಿದ. “ಎರಡನೆಯವು ಸ್ವಚ್ಛವಾಗಿವೆ. ಮೂಳೆಯಕ್ಕ ಚೆನ್ನಾಗಿ ತೊಳೆದಿರಬೇಕು.”

“ಮೂಳೆಯಕ್ಕ ತೊಳೆದಿಲ್ಲ. ಕೊಬ್ಬು ತೆಗೆದು ಒಣಗಿಸಿದ ಮೂಳೆ ಇವು. ಆ ವಾರ ನೀನೆಲ್ಲಿದ್ದೆ?”

“ನಾನು ಊರಲ್ಲೇ ಇರಲಿಲ್ಲ. ಸಮ್ಮೇಳನಕ್ಕೆ ಹೋಗಿದ್ದೆ, ನಿಮಗೇ ಗೊತ್ತಲ್ಲ. ಭಾನುವಾರ ಬಂದೆ, ಸೋಮವಾರ ಅಂಟು ಹಚ್ಚಿದೆ. ಚೂರುಗಳು ಡಬ್ಬಿಯಲ್ಲಿ ಸಿದ್ಧವಾಗಿದ್ದವು.”

ಗೊತ್ತಿತ್ತು. ಆ ವಾರ ನಮ್ಮತ್ತೆ ಅವನ ವಿಮಾನ ಹಾರಿದ್ದನ್ನೂ ಇಳಿದಿದ್ದನ್ನೂ ಫೋನ್ ಮಾಡಿ ನನಗೆ ತಿಳಿಸಿದ್ದರು. ಆದರೂ ಒಪ್ಪಿಕೊಳ್ಳಲು ಮನಸ್ಸಾಗಲಿಲ್ಲ.

“ಹಾಗಾದರೆ ಈಗ, ನನ್ನ ಕಣ್ಣೆದುರು ಅಂಟಿಸು. ಒದ್ದೆ ಮೂಳೆಗೆ. ಇದೇ ಅಂಟು, ಇವತ್ತು ಅವಳಿಗೆ ಹಾಕೋ ಅಂಟು.”

“ಅಣ್ಣ, ನಿಮಗೆ ನನ್ನ ಕಂಡರೆ ಯಾಕೆ ಆಗಲ್ಲ?” ಅಂದ. ಮೆತ್ತಗೆ ಕೇಳಿದ. ಎಂದೂ ಕೇಳಿರಲಿಲ್ಲ.

“ಅದು ಆಮೇಲೆ. ಅಂಟಿಸು.”

ಮೂಳೆಯಕ್ಕ ನನ್ನ ಹಿಂದೆಯೇ ಬಂದಿದ್ದಳು, ಕೈಯಲ್ಲಿ ಡಬ್ಬಿ ಹಿಡಿದು. ಬೆಳಿಗ್ಗೆ ಕೊಯ್ದ ಎರಡು ಜೋಡಿ ಅದರಲ್ಲಿದ್ದವು. ಬಿಳಿ ಚೂರುಗಳಲ್ಲಿ ನಲವತ್ತರ ಮೇಲೆ ಹೆಚ್ಚಿಗೆ ಮಾಡಿಟ್ಟ ಒಂದು ಜೋಡಿ ಬಳಸದೆ ಉಳಿದಿತ್ತು, ಅದನ್ನೂ ತಂದಿದ್ದಳು. ಮೂರನ್ನೂ ಬಿಸಿ ಮಾಡಿದಳು. ಹೀರುಕಾಗದ ಮುಟ್ಟಿಸಿ ಹತ್ತು ಎಣಿಸಿದಳು. ಗೋಂದುರಾಯ ಮೂರಕ್ಕೂ ಒಂದೇ ಸೀಸೆಯಿಂದ ಅಂಟು ಹಚ್ಚಿ, ಮೇಲೆ ತೂಕ ಇಟ್ಟು, ಒದ್ದೆ ಪೆಟ್ಟಿಗೆಯಲ್ಲಿ ಮುಚ್ಚಿದ. ಇಪ್ಪತ್ತು ನಿಮಿಷ ಕಾಯಬೇಕು.

ಹತ್ತಕ್ಕೆ ಐದು ನಿಮಿಷ.

ಮೂವರೂ ಆ ಪೆಟ್ಟಿಗೆಯನ್ನೇ ನೋಡುತ್ತಾ ನಿಂತೆವು. ಅವನ ಮುಖದಲ್ಲಿ ಕಳ್ಳನ ಬೆವರು ಹುಡುಕಿದೆ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಳ್ಳುತ್ತಾರಂತೆ, ಇವನು ಗಡಿಯಾರ ಕೂಡ ನೋಡಿಕೊಳ್ಳಲಿಲ್ಲ. ಅಂಟು ಹಿಡಿಯುತ್ತದೆ ಅಂತ ನಂಬಿ ನಿಂತಿದ್ದ, ಪಾಪ.

“ಅತ್ತಿಗೆ ನಿಮ್ಮ ಬಗ್ಗೆ ಎಷ್ಟು ಹೇಳ್ತಾರೆ ಗೊತ್ತಾ?” ಅಂದ.

“ನಿನಗೆ ಯಾವಾಗ ಹೇಳ್ತಾಳೆ?”

“ಫೋನಲ್ಲಿ. ಮಂಡಿ ನೋವು ಹೇಗಿದೆ ಅಂತ ನಾನು ದಿನಾ ಕೇಳ್ತೀನಲ್ಲ.”

ದಿನಾ. ನನ್ನ ಮನೆಯ ಫೋನಿಗೆ ದಿನಾ ಮಾಡುತ್ತಾನೆ, ಅದು ನನಗೆ ಗೊತ್ತಿಲ್ಲ. ಗಾಯದ ಮೇಲೆ ಉಪ್ಪು ಸವರುವುದಕ್ಕೂ ಒಂದು ಹದ ಬೇಕು, ಇವನಿಗೆ ಅದು ಹುಟ್ಟಿನಿಂದ ಬಂದಿದೆ. ನಾನು ಅವಳ ಮಂಡಿಯ ನೋವು ಕೇಳಿ ಎಷ್ಟು ದಿನವಾಯಿತು ಅಂತ ಲೆಕ್ಕ ಹಾಕಿದೆ. ಲೆಕ್ಕ ಸಿಗಲಿಲ್ಲ, ಬಿಟ್ಟೆ.

ಪೆಟ್ಟಿಗೆಯ ಟೈಮರ್ ಗಂಟೆ ಬಾರಿಸಿತು. ಮೊದಲ ಒದ್ದೆ ಜೋಡಿಯನ್ನು ಯಂತ್ರದ ಎರಡು ಇಕ್ಕಳಕ್ಕೆ ಸಿಕ್ಕಿಸಿದ. ಗುಂಡಿ ಒತ್ತಿದ. ಪರದೆಯ ಮೇಲೆ ಗೆರೆ ಏರತೊಡಗಿತು. ಒಂದು. ಎರಡು. ಮೂರು ಕಿಲೋ, ಮೇಲೆ ಒಂದಿಷ್ಟು. ಜೋಡಿ ಸದ್ದೇ ಇಲ್ಲದೆ ಬಿಟ್ಟುಕೊಂಡಿತು. ಅಂಟು ಒಂದು ಕಡೆಯಿಂದ ಸಿಪ್ಪೆಯ ಹಾಗೆ ಎದ್ದು ಬಂದಿತ್ತು.

“ಇಕ್ಕಳ ಸರಿಯಾಗಿ ಹಿಡಿದಿರಲಿಲ್ಲ,” ಅಂದ.

ಎರಡನೆಯದು ಎರಡೂವರೆಗೆ ಬಿಟ್ಟಿತು.

ಮೂರನೆಯದು ಬಿಳಿ ಜೋಡಿ. ಹತ್ತು ದಾಟಿತು, ಇಪ್ಪತ್ತು ದಾಟಿತು. ಮೂವತ್ತೊಂದಕ್ಕೆ ಫಟ್ ಅಂತ ಮೂಳೆಯೇ ಸೀಳಿತು, ಅಂಟು ಹಾಗೇ ಇತ್ತು.

ಗೋಂದುರಾಯ ಪರದೆ ನೋಡುತ್ತಾ ನಿಂತ. ಅವನ ಮುಖ ಬಿಳುಚಿಕೊಂಡಿತು. ಹನ್ನೊಂದು ವರ್ಷದಿಂದ ನೋಡಬೇಕು ಅಂದುಕೊಂಡದ್ದು ಅದೇ, ಕೈಗೆ ಬಂತು, ರುಚಿ ಇರಲಿಲ್ಲ. ಇದು ಸಿಕ್ಕಿಬಿದ್ದ ಕಳ್ಳನ ಮುಖವಾಗಿರಲಿಲ್ಲ. ಅವನಿಗೆ ಗೊತ್ತೇ ಇರಲಿಲ್ಲ.

“ಪಾಕ ಬದಲಿಸಿದ್ದಕ್ಕೆ ಜಾಸ್ತಿ ಬಂತು ಅಂದುಕೊಂಡೆ,” ಅಂದ. “ಮೂಳೆ ಬದಲಾಗಿದೆ ಅಂತ ಯೋಚನೆಯೇ ಬರಲಿಲ್ಲ. ಅಣ್ಣ, ನಿಲ್ಲಿಸಬೇಕು. ಈಗಲೇ ನಿಲ್ಲಿಸಬೇಕು.” ಜೇಬಿನಿಂದ ಫೋನ್ ತೆಗೆದ. “ಸರ್ಜನ್‌ಗೆ ನಾನೇ ಹೇಳ್ತೀನಿ. ಪಿನ್ ಹಾಕಲಿ. ಹೆಸರು ಹೋದರೆ ಹೋಗಲಿ.”

ನೋಡಿದಿರಾ, ಒಳ್ಳೆಯವನಾಗುವುದರಲ್ಲೂ ನನಗಿಂತ ಒಂದು ಹೆಜ್ಜೆ ಮುಂದೆ. ಅಷ್ಟು ಸಂಕಟದಲ್ಲೂ ನನ್ನೊಳಗೆ ಅದು ಚುರ್ ಅಂದಿತು.

ನಂಬರ್ ಒತ್ತುವ ಮೊದಲು ಮೂಳೆಯಕ್ಕನ ಕಡೆ ತಿರುಗಿದ. “ಕೇಳ್ತಾರೆ ಅವರು, ಏನಾಯ್ತು ಅಂತ. ಯಾರು ಬಂದಿದ್ದರು ನಿಮ್ಮ ಬದಲಿಗೆ? ಮಾತು ಕೊಟ್ಟಿದ್ದು ಬಿಡಿ ಅಕ್ಕ, ಒಬ್ಬರ ಕಾಲಿನ ಪ್ರಶ್ನೆ.”

ಮೂಳೆಯಕ್ಕ ನೆಲ ನೋಡಿದಳು. “ನಿಮ್ಮ ಮನೆಯವರು.”

“ಯಾರು?”

“ನಿಮ್ಮ ಹೆಂಡತಿ. ಒಂದು ವಾರ ಕೈಗೆ ಕೆಲಸ ಸಿಕ್ಕರೆ ಸಾಕು ಅಂತ ತಾವೇ ಕೇಳಿದ್ದರು. ನಿಮಗೆ ತಿಳಿಯಬಾರದು ಅಂದಿದ್ದರು. ಅಳತೆ ಹೇಳಿದೆ, ಎಷ್ಟು ಜೋಡಿ ಅಂತ ಹೇಳಿದೆ. ನೀರಿನ ವಿಷಯ ಹೇಳಲಿಲ್ಲ. ಮೂಳೆ ಕೆಲಸ ಬಲ್ಲವರಿಗೆ ಅದನ್ನ ಏನು ಹೇಳೋದು ಅಂದುಕೊಂಡೆ.”

ನನ್ನ ನಾದಿನಿ. ಕಾಲೇಜಿನಲ್ಲಿ ಅವಳು ಮೊದಲ ರ್‍ಯಾಂಕು, ಗೋಂದುರಾಯ ಎರಡನೆಯವನು. ಮದುವೆಗೆ ಮುಂಚೆ ಅವಳು ಮಾಡುತ್ತಿದ್ದದ್ದು ವಸ್ತುಸಂಗ್ರಹಾಲಯದ ಕೆಲಸ, ಗಾಜಿನ ಬೀರುಗಳಿಗೆ ಪ್ರಾಣಿ ಅಸ್ಥಿಪಂಜರ ಜೋಡಿಸಿಕೊಡುವುದು. ಅಲ್ಲಿ ಮೂಳೆಯಲ್ಲಿ ಹನಿ ಕೊಬ್ಬು ಉಳಿದರೂ ನಾರುತ್ತದೆ, ಹನಿ ನೀರು ಉಳಿದರೂ ಬೂಷ್ಟು ಹಿಡಿಯುತ್ತದೆ. ತೊಳೆದು, ಬೆಳ್ಳಗೆ ಮಾಡಿ, ಒಣಗಿಸಿದರೇ ಅಲ್ಲಿ ಕೆಲಸ ಮುಗಿದ ಹಾಗೆ. ತನಗೆ ಗೊತ್ತಿದ್ದ ರೀತಿಯಲ್ಲಿ, ಮನಸ್ಸಿಟ್ಟು, ಅಚ್ಚುಕಟ್ಟಾಗಿ ಮಾಡಿದ್ದಾಳೆ. ಮನೆಯಲ್ಲಿ ಮೂಳೆ ವಾಸನೆಯವರು ಒಬ್ಬರೇ ಸಾಕು ಅಂತ ಅವಳ ಕೆಲಸ ಬಿಡಿಸಿದವನು ಗೋಂದುರಾಯ. ಮೊದಲ ರ್‍ಯಾಂಕಿನವಳನ್ನು ಅವನು ಯಾಕೆ ಮನೆಯಲ್ಲಿ ಕೂರಿಸಿದ ಅಂತ ನಾನು ಎಂದೂ ಯೋಚಿಸಿರಲಿಲ್ಲ. ಈಗ ಅವನ ಮುಖ ನೋಡಿದ ಮೇಲೆ ಯೋಚಿಸಬೇಕಾಗಿಯೂ ಇರಲಿಲ್ಲ, ಆ ಮುಖವನ್ನು ನಾನು ದಿನಾ ಕನ್ನಡಿಯಲ್ಲಿ ನೋಡುತ್ತೇನೆ. ಕಾಗದ ತೂರಿಸಿದ್ದು ಅವಳೇ ಇರಬೇಕು. ತನ್ನ ತಪ್ಪು ತಡವಾಗಿ ಹೊಳೆದು, ಗಂಡನಿಗೆ ಹೇಳಲು ಹೆದರಿ ನನ್ನ ಬಾಗಿಲಿಗೆ ಬಂದಿದ್ದಾಳೆ.

ಅವಳಿಗೆ ಫೋನ್ ಮಾಡಿದೆ. ಆಫ್ ಆಗಿತ್ತು.

“ಮಾಡು,” ಅಂದೆ ಗೋಂದುರಾಯನಿಗೆ. “ಸರ್ಜನ್‌ಗೆ ಮಾಡು.”

ಅವನ ಫೋನು ಕೈಯಲ್ಲೇ ಇತ್ತು. ಬೆರಳು ಅಲ್ಲಾಡಲಿಲ್ಲ.

“ನನ್ನ ಹೆಂಡತಿಯ ಹೆಸರು ಬರುತ್ತೆ. ನನ್ನ ಮೂವತ್ತು ಕಿಲೋ ಅವಳ ಕೈಯದ್ದು ಅಂತ ಎಲ್ಲರಿಗೂ ಗೊತ್ತಾಗುತ್ತೆ,” ಅಂದ.

“ಬರಲಿ. ನನ್ನ ಹೆಂಡತಿಯ ಕಾಲು ಹೋಗುತ್ತೆ.”

“ಒಂದು ನಿಮಿಷ ಅಣ್ಣ. ಯೋಚನೆ ಮಾಡೋಕೆ ಬಿಡಿ.”

ನಿಮಿಷ ಎಲ್ಲಿತ್ತು? ನಾನೇ ಆಸ್ಪತ್ರೆಗೆ ಫೋನ್ ಮಾಡಿದೆ. ಹೆಸರು ಹೇಳಿದ ಕೂಡಲೇ ಆ ಕಡೆಯ ಹುಡುಗಿ, “ಸರ್, ಹೋದ ವಾರ ಬಂದು ಜಗಳ ಆಡಿದ್ದು ನೀವೇ ಅಲ್ವಾ? ಡಾಕ್ಟ್ರು ಹೇಳಿದ್ದಾರೆ. ಪೇಷಂಟ್ ಬೇಡ ಅಂದರೆ ನಿಲ್ಲಿಸ್ತಾರಂತೆ, ಅಂಟು ಮಾಡಿದವರು ಬೇಡ ಅಂದರೆ ನಿಲ್ಲಿಸ್ತಾರಂತೆ. ನಿಮ್ಮ ಫೋನ್ ಒಳಗೆ ಕೊಡಬಾರದಂತೆ,” ಅಂದಳು. ಹೌದು, ಹೋಗಿದ್ದೆ. ಪುರಾವೆ ಒಂದೂ ಇಲ್ಲದೆ ಅರ್ಧ ಗಂಟೆ ಗೋಂದುರಾಯನನ್ನು ಬೈದು ಬಂದಿದ್ದೆ. ಮಾಡಿದ್ದುಣ್ಣೋ ಮಹರಾಯ.

ಹೆಂಡತಿಯ ಮೊಬೈಲಿಗೆ ಮಾಡಿದೆ. ಅತ್ತೆ ಎತ್ತಿದರು.

“ಅಳಿಯಂದಿರೇ, ಈಗ ಬೇಡ. ಒಳಗೆ ಕರಕೊಂಡು ಹೋಗೋ ಹೊತ್ತು.”

“ಅವಳಿಗೆ ಕೊಡಿ ಅತ್ತೆ. ದಮ್ಮಯ್ಯ ಅಂತೀನಿ.”

ಆ ಮಾತು ನನ್ನ ಬಾಯಿಂದ ಅವರು ಕೇಳಿದ್ದು ಮೊದಲ ಸಲ. ಕೊಟ್ಟರು.

“ಹೇಳಿ,” ಅಂದಳು ನನ್ನ ಹೆಂಡತಿ.

“ಒಳಗೆ ಹೋಗಬೇಡ ಕಣೇ. ಆ ಅಂಟು ನಿಲ್ಲಲ್ಲ. ಈಗ ನನ್ನ ಕಣ್ಣಾರೆ ನೋಡಿದೆ. ಬೇಡ ಅಂತ ಒಂದು ಮಾತು ಹೇಳು, ಸಾಕು.”

ಆ ಕಡೆ ಸ್ಟ್ರೆಚರಿನ ಗಾಲಿಯ ಕಿರ್ ಕಿರ್ ಸದ್ದು ಕೇಳಿಸುತ್ತಿತ್ತು.

“ಅವರು ಮನೆ ಕಟ್ಟಿಸಿದಾಗ ಸೋರುತ್ತೆ ಅಂದಿರಿ. ಕಾರು ತಂದಾಗ ಬ್ರೇಕು ಸರಿಯಿಲ್ಲ ಅಂದಿರಿ. ನನ್ನ ತಂಗಿ ಅವರ ಹತ್ತಿರ ಎರಡು ವರ್ಷ ಬಾಳಲ್ಲ ಅಂದಿರಿ,” ಅಂದಳು. ದನಿಯಲ್ಲಿ ಸಿಟ್ಟಿರಲಿಲ್ಲ, ಸುಸ್ತು. “ಎಲ್ಲಾ ಕೇಳಿಕೊಂಡು ಬಂದೆ. ಇವತ್ತೊಂದು ದಿನ ಅವರ ವಿಷಯ ಬಿಡಿ. ನನ್ನ ಮಂಡಿ ಬಗ್ಗೆ ಯೋಚನೆ ಮಾಡಿ.”

“ಅದನ್ನೇ ಮಾಡ್ತಿದ್ದೀನಿ.”

“ಇಲ್ಲರೀ. ನೀವು ಅದನ್ನ ಯಾವತ್ತೂ ಮಾಡಿಲ್ಲ.”

ಚೀಲದ ತುಂಬ ಪುರಾವೆ ಇತ್ತು, ಅವಳು ನಂಬುವಂಥ ಒಂದು ಮಾತು ಇರಲಿಲ್ಲ. ಆಸ್ಪತ್ರೆಗೆ ನಲವತ್ತು ನಿಮಿಷದ ದಾರಿ. ಗಡಿಯಾರದಲ್ಲಿ ಹತ್ತೂವರೆ.

ಫೋನನ್ನು ಗೋಂದುರಾಯನ ಮುಂದೆ ಹಿಡಿದೆ.

“ನೀನು ಹೇಳು,” ಅಂದೆ. “ನಿನ್ನ ಮಾತು ಕೇಳ್ತಾಳೆ. ನನ್ನದು ಕೇಳಲ್ಲ.”

ಇಷ್ಟು ಹೇಳಲು ನನಗೆ ಎಷ್ಟು ಕಷ್ಟವಾಯಿತು ಅಂತ ಅವನಿಗೆ ಅರ್ಥವಾಯಿತು ಅನ್ನಿಸುತ್ತದೆ. ನನ್ನ ಮುಖ ನೋಡಿದ. ಮೂಳೆಯಕ್ಕನನ್ನು ನೋಡಿದ. ಪರದೆಯ ಮೇಲಿನ ಮೂರು ಗೆರೆ ನೋಡಿದ, ಎರಡು ಗಿಡ್ಡ, ಒಂದು ಎತ್ತರ. ಫೋನ್ ತೆಗೆದುಕೊಂಡ.

ಹನ್ನೊಂದು ವರ್ಷದಲ್ಲಿ ಅವನನ್ನು ನಾನು ನಂಬಿದ್ದು ಅದೊಂದೇ ಗಳಿಗೆ.

“ಅತ್ತಿಗೆ, ನಾನು,” ಅಂದ. “ಹೌದು, ಇಲ್ಲೇ ಇದ್ದಾರೆ. ಇಲ್ಲ ಅತ್ತಿಗೆ, ಏನೂ ಆಗಿಲ್ಲ. ಅಣ್ಣ ಸ್ವಲ್ಪ ಗಾಬರಿಯಾಗಿದ್ದಾರೆ ಅಷ್ಟೇ. ಅಂಟು ಚೆನ್ನಾಗಿದೆ. ನೀವು ಧೈರ್ಯವಾಗಿ ಒಳಗೆ ಹೋಗಿ.”

ನಾನು ಕಿತ್ತುಕೊಳ್ಳುವಷ್ಟರಲ್ಲಿ ಅವಳ ದನಿ ಕೇಳಿಸಿತು, ನನ್ನ ಹತ್ತಿರ ಅವಳು ಬಳಸಿ ಎಷ್ಟೋ ಕಾಲವಾಗಿದ್ದ ದನಿ. “ನೀವು ಹೇಳಿದ್ರಲ್ಲ, ಸಾಕು,” ಅಂದಳು, ಇಟ್ಟುಬಿಟ್ಟಳು.

ತಿರುಗಿ ಮಾಡಿದೆ. ಸ್ವಿಚ್ ಆಫ್.

ಗೋಂದುರಾಯ ಮೇಜಿನ ಮೇಲಿದ್ದ ಮುರಿದ ಮೂರು ಜೋಡಿಯನ್ನು ಒಂದೊಂದಾಗಿ ಎತ್ತಿ ತನ್ನ ಹೊಸ ಶರ್ಟಿನ ಜೇಬಿಗೆ ಹಾಕಿಕೊಂಡ. ಆಮೇಲೆ ಗಡಿಯಾರ ನೋಡಿ, ಬಾಗಿಲಿಗೆ ಹೋಗಿ ಒಳಗಿನಿಂದ ಚಿಲಕ ಹಾಕಿ, ಅದಕ್ಕೆ ಬೆನ್ನು ಕೊಟ್ಟು ನಿಂತ.